ಹದ್ದಿನ ಹುಬ್ಬು

ಇಪ್ಪತ್ತು ವರ್ಷಗಳಿಂದಲೂ ನಾನು ತರಗತಿಯಲ್ಲಿ ಹದ್ದುಗಳನ್ನು ಹಾರಿಸುತ್ತ ಬಂದವನು. ಹಳಗನ್ನಡದ ರಣರಂಗದ ವರ್ಣನೆ ಬಂದಿತೆಂದರೆ ಹೆಣಗಳ ಮೇಲೆ ಹದ್ದು ಸುಳಿಯಲೇಬೇಕು. ರಾಮಾಯಣವಾದರೆ ಜಟಾಯುವಿನ ರೆಕ್ಕೆ ಕಡಿದು ಬೀಳಲೇಬೇಕು. ‘ಪರ್ದು’ ಎಂಬ ಹಳಗನ್ನಡದ ಮಾತು ‘ಹದ್ದು’ ಆದ ಬಗೆಯನ್ನೂ, ತಮಿಳಿನ ‘ಪರುಂದು’ ಅದರ ಒಡಹುಟ್ಟೆಂಬುದನ್ನೂ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಇಷ್ಟೆಲ್ಲ ಮಾಡಿದವನು ಹದ್ದಿನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಒಪ್ಪಿಕೊಳ್ಳದೆ ಮುಂದಿನ ಮಾತನ್ನು ಆಡುವ ಹಾಗಿಲ್ಲ.

ಕಳೆದ ವರ್ಷ ಜನವರಿಯ ಕೊನೆಯಲ್ಲಿ ನಮ್ಮ ಕಾಲೇಜಿನ ಹಿಂಬದಿಯ ಹಳೆಯ ಮಾವಿನ ಮರದಲ್ಲಿ ಒಂದು ಜೋಡಿ ಹದ್ದು ಗೂಡು ಕಟ್ಟಿತು. ಗ್ರಂಥಾಲಯದ ಮಹಡಿಯ ಕಿಟಕಿಗೆ ಅದು ಸರಿಸಮ; ನಡುವೆ ಇಪ್ಪತ್ತೈದು ಅಡಿಯಿದ್ದೀತು. ಒಣಕಡ್ಡಿ, ತಂತಿ, ಹರಕು ಬಟ್ಟೆ, ಯಾವನೋ ವಿದ್ಯಾರ್ಥಿ ಕಳೆದುಕೊಂಡ ಗುರುತಿನ ಚೀಟಿಯ ನೀಲಿ ಪಟ್ಟಿ, ಎಲ್ಲವೂ ಅದರೊಳಗೆ ಸೇರಿದ್ದವು. ಪತ್ರಿಕೆ ಓದುವ ನೆಪದಲ್ಲಿ ಆ ಕಿಟಕಿಯ ಪಕ್ಕದ ಕುರ್ಚಿಯನ್ನು ನಾನು ಹಿಡಿದೆ. ನಾಲ್ಕು ತಿಂಗಳು ಬಿಡಲಿಲ್ಲ.

ಮೊದಲು ಕಂಡದ್ದು ಅದರ ಬೆನ್ನು. ನಾವು ಹದ್ದನ್ನು ಯಾವಾಗಲೂ ಕೆಳಗಿನಿಂದ ನೋಡುವವರು; ನಮ್ಮ ಪಾಲಿಗೆ ಅದು ಬಿಸಿಲಿನಲ್ಲಿ ತೇಲುವ ಒಂದು ಕರಿಯ ಕಲೆ, ಕವಲೊಡೆದ ಬಾಲ, ಅಷ್ಟೆ. ಸಮನಾಗಿ ನಿಂತು ನೋಡಿದರೆ ಆ ಕಂದು ಒಂದೇ ಬಣ್ಣವಲ್ಲ. ಒಂದೊಂದು ಗರಿಯೂ ಹುರಿದ ಹುರುಳಿಯಂತೆ ಮಾಗಿದ ಬಣ್ಣ, ಅದಕ್ಕೆ ತೆಳುವಾದ ಅಂಚು, ನಡುವೆ ಪೆನ್ಸಿಲಿನಿಂದ ಎಳೆದಂತಹ ಕರಿಯ ಗೆರೆ. ಗೂಡಿಗೆ ಇಳಿಯುವಾಗ ಅದು ಬಾಲವನ್ನು ತಿರುವುವ ಚಂದವನ್ನು ಏನೆಂದು ಹೇಳಲಿ! ಹರಿಗೋಲಿನವನು ಸೆಳವಿನಲ್ಲಿ ಹುಟ್ಟನ್ನು ಓರೆಮಾಡಿದಂತೆ ಒಂದು ಸಣ್ಣ ಹೊರಳು. ಅಷ್ಟು ದೊಡ್ಡ ಹಕ್ಕಿ ಎಲೆಯನ್ನೂ ಅಲುಗಿಸದೆ ಕೊಂಬೆಗಳ ಸಂದಿಯಲ್ಲಿ ಬಂದು ಕೂತುಬಿಡುವುದು.

ಮುಖ ಕಂಡದ್ದು ಎರಡನೆಯ ವಾರದಲ್ಲಿ. ‘ಉಗ್ರದೃಷ್ಟಿ’ ಎಂದು ನಾನು ಎಷ್ಟು ಸಲ ಪಾಠ ಹೇಳಿಲ್ಲ! ಉಗ್ರತೆಯ ಗುಟ್ಟು ಕಿಟಕಿಯಿಂದ ತಿಳಿಯಿತು. ಕಣ್ಣಿನ ಮೇಲೆ ಎಲುಬಿನ ಸಣ್ಣ ಏಣೊಂದು ಹುಬ್ಬಿನಂತೆ ಮುಂದಕ್ಕೆ ಚಾಚಿಕೊಂಡಿದೆ. ಗಿಡುಗಗಳಲ್ಲಿಯೂ ದೊಡ್ಡ ಜಾತಿಯ ಹದ್ದುಗಳಲ್ಲಿಯೂ ಅದು ಇನ್ನಷ್ಟು ಎದ್ದು ಕಾಣುತ್ತದೆ. ಬಿಸಿಲಿನ ಝಳದಿಂದಲೂ ಕಡ್ಡಿ ಮುಳ್ಳುಗಳಿಂದಲೂ ಕಣ್ಣನ್ನು ಕಾಯುವ ಸೂರು ಅದೆಂದು ಬಲ್ಲವರು ಹೇಳುತ್ತಾರೆ. ಸೂರು ತಗ್ಗಾಗಿರುವುದನ್ನು ಕಂಡು ಮನೆಯವನಿಗೆ ಸಿಟ್ಟು ಬಂದಿದೆಯೆಂದು ನಾವು ಅರ್ಥ ಹೇಳಿದ್ದೆವು. ಅದರ ಕೆಳಗಿದ್ದ ಕಣ್ಣು ಕಡುಗಂದು, ಶಾಂತ.

ಮರಿಗಳಾದ ಮೇಲೆ ಕಂಡದ್ದು ಇನ್ನೂ ದೊಡ್ಡದು. ಗಂಡು ಇಲಿಯನ್ನೋ ಮಾಂಸದ ಚೂರನ್ನೋ ತಂದು ಗೂಡಿನಂಚಿಗೆ ಹಾಕಿ ಹೋಗುವುದು. ತಾಯಿ ಅದನ್ನು ಕಾಲಿನಡಿ ಒತ್ತಿ ಹಿಡಿದು, ಅವರೆಕಾಳಿನಷ್ಟು ತುಣುಕನ್ನು ಕಿತ್ತು, ತಲೆಯನ್ನು ಓರೆಮಾಡಿ ಮರಿಯ ಬಾಯಿಗೆ ತಾಗಿಸಿ ಕಾಯುವುದು. ಮರಿ ಹಿಡಿಯಲಾರದೆ ಹೋದರೆ ಆ ತುಣುಕನ್ನು ತಾನೇ ನುಂಗಿ, ಅದಕ್ಕಿಂತ ಚಿಕ್ಕದನ್ನು ಕೀಳುವುದು. ಹೆಣ ಬಗೆಯುವ ಕೊಕ್ಕೆಂದು ನಾನು ವರ್ಣಿಸುತ್ತಿದ್ದ ಕೊಕ್ಕು ಇದೇ. ಮಟಮಟ ಮಧ್ಯಾಹ್ನದಲ್ಲಿ ಅದು ರೆಕ್ಕೆಗಳನ್ನು ಅರೆಬಿಚ್ಚಿ, ಬಾಯಿ ತೆರೆದು ಏದುತ್ತ, ಸೂರ್ಯ ಸರಿದ ಹಾಗೆಲ್ಲ ತಾನೂ ಸರಿದು ಮರಿಗಳಿಗೆ ನೆರಳಾಗುತ್ತಿತ್ತು. ನಾನು ಅಲ್ಲಿರುವುದು ಅದಕ್ಕೆ ಗೊತ್ತಿತ್ತು. ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತನ್ನನ್ನು ಲೆಕ್ಕಕ್ಕಿಡದ ಕಣ್ಣಿನ ಎದುರು ಕುಳಿತಿರುವ ಸುಖವೇ ಬೇರೆ. ಉಪನ್ಯಾಸಕನಿಗೆ ಅದೇನು ಅಪರೂಪವೆ ಎಂದು ವಿದ್ಯಾರ್ಥಿಗಳು ನಗಬಹುದು, ನಗಲಿ.

ನಮ್ಮ ನಾಡಿನಲ್ಲಿ ಈ ಕುಲದ ಹಕ್ಕಿಗಳಿಗೆ ಗೌರವವೇ ಇಲ್ಲವೆನ್ನಲಾಗದು. ನಮ್ಮ ರಾಜ್ಯದ ಲಾಂಛನವೇ ಗಂಡಭೇರುಂಡ. ಹೊಯ್ಸಳರ ಕಾಲದಲ್ಲಿ ಒಡೆಯನೊಡನೆ ಪ್ರಾಣ ಬಿಡುವ ವ್ರತ ತೊಟ್ಟ ವೀರರಿಗೆ ‘ಗರುಡ’ರೆಂದು ಹೆಸರು, ಹಳೇಬೀಡಿನಲ್ಲಿ ಕುವರಲಕ್ಷ್ಮನ ಕಂಬ ಇಂದಿಗೂ ಇದೆ. ಆದರೆ ಎರಡು ತಲೆಯ ಹಕ್ಕಿಯನ್ನು ಬಲ್ಲ ನಾವು ಒಂದು ತಲೆಯ ಹಕ್ಕಿಯನ್ನು ಅರಿಯೆವು. ಬಿಳಿಯ ತಲೆ, ಕೆಂಗಂದು ರೆಕ್ಕೆಯ ಗರುಡ ಕಂಡರೆ ಕೆನ್ನೆ ತಟ್ಟಿಕೊಂಡು ಕೈಮುಗಿಯುತ್ತೇವೆ. ಅದರ ದಾಯಾದಿಯಾದ ಈ ಕಂದು ಹದ್ದು ಕಂಡರೆ ಕಲ್ಲು ಹುಡುಕುತ್ತೇವೆ. ವಿನೋದವೇನೆಂದರೆ, 1832ರಲ್ಲಿ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ ನಮ್ಮ ದೇಶದ ಈ ಹದ್ದಿಗೆ ಕೊಟ್ಟ ಶಾಸ್ತ್ರೀಯ ನಾಮದಲ್ಲಿ ‘ಗೋವಿಂದ’ ಎಂಬ ಮಾತಿದೆ. ಈಗಲೂ ಅದು ಚಲಾವಣೆಯಲ್ಲಿದೆ. ವಾಹನಕ್ಕೆ ನಮಸ್ಕಾರ, ಸ್ವಾಮಿಗೆ ಕಲ್ಲು!

ಪೂಜೆಯೂ ಬೈಗುಳವೂ ದೂರದಿಂದಲೇ ನಡೆಯುತ್ತವೆ. ಇದರಿಂದ ಏನು ಕೆಡುಕೆಂದು ಕೇಳುವವರು ರಣಹದ್ದಿನ ಕಥೆಯನ್ನು ನೆನೆಯಬೇಕು. ನಾನು ಹುಡುಗನಾಗಿದ್ದಾಗ ನಮ್ಮೂರ ಹೊರಗೆ ಸತ್ತ ದನವನ್ನು ಹಾಕುವ ಜಾಗದಲ್ಲಿ ಅವು ಇಳಿಯುತ್ತಿದ್ದವು. ನಾವು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಯಾವ ವರ್ಷ ಅವು ಬರುವುದು ನಿಂತಿತು? ಊರಿನ ಹಿರಿಯರನ್ನೆಲ್ಲ ಕೇಳಿದೆ. ಹೇಳಬಲ್ಲವರು ಒಬ್ಬರೂ ಸಿಕ್ಕಲಿಲ್ಲ. ಬಿಳಿ ಬೆನ್ನಿನ ರಣಹದ್ದುಗಳು 1992ರಿಂದ 2007ರ ಒಳಗೆ ಭಾರತದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಕ್ಕಿ ಅಳಿದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಸರಕಾರ ನಿಷೇಧಿಸಿತು. ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುವ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತಿದ್ದೆ. ಬಂಡೆಯ ಮೇಲೆ ಸುಣ್ಣ ಚೆಲ್ಲಿದಂತೆ ಹಿಕ್ಕೆಯ ಬಿಳಿಯ ಗೆರೆಗಳು ಕಂಡವು, ಹಕ್ಕಿ ಕಾಣಲಿಲ್ಲ. ವರ್ಷಕ್ಕೊಂದೇ ಮೊಟ್ಟೆಯಿಡುವ ಜೀವ ಅದು. ಕಳೆದುದನ್ನು ತುಂಬಿಕೊಳ್ಳುವುದು ಸುಲಭವಲ್ಲ. ಅವು ಲಕ್ಷಗಟ್ಟಲೆಯಾಗಿದ್ದಾಗ ನಮ್ಮಲ್ಲಿ ಯಾರಾದರೂ ಅವುಗಳ ಎದುರು ಒಂದು ದಿನ ಕುಳಿತು ನೋಡಿದ್ದರೆ, ಬಾರದೆ ಹೋದ ದಿನ ‘ಇದೇಕೆ ಹೀಗೆ?’ ಎಂದಾದರೂ ಕೇಳುತ್ತಿದ್ದೆವಲ್ಲ!

ಹಾಗೆಂದು ಎಲ್ಲ ಹತ್ತಿರವೂ ಹತ್ತಿರವಲ್ಲ. ಎಲ್ಲೆ ಎಂಬ ಅರ್ಥದ ‘ಹದ್ದು’ ಬೇರೆಯ ಮಾತು, ಅರಬ್ಬಿ ಮೂಲದ್ದು. ಈ ಹದ್ದನ್ನು ನೋಡುವವನಿಗೆ ಆ ಹದ್ದೂ ತಿಳಿದಿರಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಡೇಗೆಯ ಬೇಟೆಗೆಂದೇ ‘ಶ್ಯೇನವಿನೋದ’ವೆಂಬ ಭಾಗವುಂಟು. ಡೇಗೆಯನ್ನು ಮುಂಗೈ ಮೇಲೆ ಕೂಡಿಸಿಕೊಂಡವರಿಗಿಂತ ಹತ್ತಿರದಿಂದ ಅದನ್ನು ಕಂಡವರು ಯಾರು? ಆದರೆ ಪಳಗಿಸುವವರು ಹೊಸದಾಗಿ ಹಿಡಿದ ಹಕ್ಕಿಯ ರೆಪ್ಪೆಗಳನ್ನು ಹೊಲಿಯುವ ವಾಡಿಕೆಯೂ ಇತ್ತು. ನೋಡುವ ಕಣ್ಣನ್ನೇ ಹೊಲಿದ ಮೇಲೆ ಎಂತಹ ಸಾಮೀಪ್ಯ? 1972ರ ವನ್ಯಜೀವಿ ಕಾಯಿದೆಯ ಮೇಲೆ ಕಾಡಿನ ಹಕ್ಕಿಯನ್ನು ಹಾಗೆ ಹಿಡಿಯುವಂತಿಲ್ಲ. ಈಗ ಬಂದಿರುವ ಚಾಳಿ ಇನ್ನೊಂದು. ಕೆರೆಯ ದಂಡೆಯಲ್ಲಿ ಕೋಳಿಯ ಕರುಳನ್ನು ಎಸೆದು, ಎರಗಿದ ಹದ್ದಿನ ಚಿತ್ರವನ್ನು ಕ್ಯಾಮರಾದಲ್ಲಿ ಹಿಡಿದು ಸಂಜೆಯೊಳಗೆ ಊರಿಗೆಲ್ಲ ಹಂಚುವುದು. ಚಿತ್ರ ಸೊಗಸಾಗಿಯೇ ಇರುತ್ತದೆ. ಆದರೆ ಅಲ್ಲಿ ಕಂಡದ್ದು ತಾವು ಎಸೆದ ಕರುಳಿನ ಪ್ರಭಾವವೇ ಹೊರತು ಹಕ್ಕಿಯ ಬಾಳಲ್ಲ. ಗೂಡಿನ ಬುಡಕ್ಕೆ ಏಣಿ ಹಾಕುವವರ ಮಾತನ್ನಂತೂ ಆಡುವುದೇ ಬೇಡ.

ನಮ್ಮ ಮಾವಿನ ಮರಕ್ಕೆ ಬರುತ್ತೇನೆ. ಮಾರ್ಚಿ ತಿಂಗಳಲ್ಲಿ ತಾಯಿ ಹದ್ದು ಕೆಳಗೆ ನಡೆದುಹೋಗುತ್ತಿದ್ದ ನಮ್ಮ ಅಟೆಂಡರ್ ಒಬ್ಬರ ತಲೆಗೆ ಎರಗಿತು. ನೆತ್ತಿಯ ಮೇಲೆ ರಕ್ತ ಬಂದಿತ್ತು. ಕೊಂಬೆಯನ್ನು ಕಡಿಸಬೇಕೆಂದು ಕಚೇರಿಯಲ್ಲಿ ತೀರ್ಮಾನವಾಯಿತು. ನಾನು ಹೋಗಿ, ಮರಿಗಳು ಹಾರುವವರೆಗೆ, ಆರು ವಾರ, ತಡೆಯಬೇಕೆಂದು ಬೇಡಿಕೊಂಡೆ. ಅಲ್ಲಿಯೇ ನಿಂತಿದ್ದ ಆ ಅಟೆಂಡರ್, “ಸಾರ್, ನಿಮ್ಮ ತಲೆಗೆ ಹೊಡೆದಿದ್ದರೆ ಹೀಗೇ ಹೇಳುತ್ತಿದ್ದಿರಾ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ. “ಒಂದು ಸಲ ಮೇಲಕ್ಕೆ ಬನ್ನಿ” ಎಂದಷ್ಟೇ ಹೇಳಿ ಕಿಟಕಿಯ ಬಳಿಗೆ ಕರೆದುಕೊಂಡು ಹೋದೆ. ತಾಯಿ ಆಗ ಮರಿಗಳಿಗೆ ಉಣಿಸುತ್ತಿತ್ತು. ಅವರು ಮಾತಿಲ್ಲದೆ ಬಹಳ ಹೊತ್ತು ನೋಡಿದರು. “ಚಿಕ್ಕದಕ್ಕೆ ಕಡಿಮೆ ಸಿಗುತ್ತಿದೆ, ಸಾರ್” ಎಂದರು. ನಾನು ಅಷ್ಟು ವಾರ ನೋಡಿಯೂ ಅದನ್ನು ಗಮನಿಸಿರಲಿಲ್ಲ.

ಮರುದಿನದಿಂದ ಅವರು ಮರದ ಕೆಳಗೆ ಕೊಡೆ ಹಿಡಿದು ಓಡಾಡಿದರು. ಕೊಂಬೆಗೆ ಆರು ವಾರದ ಜೀವದಾನ ಸಿಕ್ಕಿತು. ಮೇ ತಿಂಗಳಲ್ಲಿ ದೊಡ್ಡ ಮರಿ ಹಾರಿತು, ಚಿಕ್ಕದು ಉಳಿಯಲಿಲ್ಲ. ಜೂನಿನಲ್ಲಿ ಕೊಂಬೆಯನ್ನು ಕಡಿದರು. ಈ ವರ್ಷ ಗ್ರಂಥಾಲಯದ ಕಿಟಕಿಯಿಂದ ಕಾಣುವುದು ಬರಿಯ ಆಕಾಶ. ಆದರೆ ಮೊನ್ನೆ ಪಾಠದ ನಡುವೆ ಅದೇ ಅಟೆಂಡರ್ ಸುತ್ತೋಲೆ ಹಿಡಿದು ಬಂದವರು, ನಾನು ಸಹಿ ಹಾಕುತ್ತಿರುವಾಗ ತಗ್ಗಿದ ದನಿಯಲ್ಲಿ ಹೇಳಿದರು: “ನೀರಿನ ಟ್ಯಾಂಕಿನ ಹಿಂದೆ ತೆಂಗಿನ ಮರ ಇದೆಯಲ್ಲ ಸಾರ್, ಅಲ್ಲಿ ಕಡ್ಡಿ ಸೇರಿಸುತ್ತಿವೆ. ಕ್ಲಾಸು ಮುಗಿಸಿಕೊಂಡು ಬನ್ನಿ.”