ನಿಲ್ದಾಣದ ದರ್ಶನ, ಕಿವಿಯಲ್ಲಿ ಯಂತ್ರ

ಪುರಾತನ ಕಟ್ಟಡಗಳನ್ನು ಕಾಪಾಡಬೇಕೆಂಬ ಬುದ್ಧಿಯು ಜನರಲ್ಲಿ ದಿನೇ ದಿನೇ ಹೆಚ್ಚುತ್ತಿರುವುದು ಸಂತೋಷದ ಸಂಗತಿಯೇ ಸರಿ. ಹಿಂದೆ ಕೋಟೆ ದೇವಾಲಯಗಳಿಗೆ ಮಾತ್ರ ಸಲ್ಲುತ್ತಿದ್ದ ಆ ಗೌರವವು ಈಗ ರೈಲ್ವೆ ನಿಲ್ದಾಣಗಳಿಗೂ ಸಲ್ಲತೊಡಗಿದೆ. ನ್ಯೂಯಾರ್ಕ್ ನಗರದಲ್ಲಿ 1913ರಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವನ್ನು ನೋಡಬಂದವರಿಗೆ, ಮಾರ್ಗದರ್ಶಿಯೊಬ್ಬನು ಕರೆದೊಯ್ದು ತೋರಿಸುವ ಪದ್ಧತಿಯೂ, ಕಿವಿಗೆ ಯಂತ್ರವನ್ನು ತಗುಲಿಸಿಕೊಂಡು ಅದರ ಧ್ವನಿ ಹೇಳಿದಂತೆ ನಡೆದು ನೋಡುವ ಪದ್ಧತಿಯೂ ಬಂದುವು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿಯೂ ಮಾರ್ಗದರ್ಶಿಯೊಡನೆ ಕಟ್ಟಡವನ್ನು ನೋಡುವ ಏರ್ಪಾಟು ನಡೆದುಬಂದಿದೆ. ಇದಿಷ್ಟೂ ಒಳ್ಳೆಯದೇ. ಆದರೆ ಕೆಲವು ಮಹಾಶಯರು ಇಲ್ಲಿಗೆ ನಿಲ್ಲದೆ, ಇನ್ನು ಮುಂದೆ ಮಾರ್ಗದರ್ಶಿಗಳ ಗೊಡವೆಯೇ ಬೇಡ, ಎಲ್ಲೆಡೆಯೂ ಧ್ವನಿಯಂತ್ರವೇ ಸಾಕು ಎಂದು ವಾದಿಸುವರು. ಈ ವಾದವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಮುಂಬಯಿಯ ನಿಲ್ದಾಣವನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಿಸುವುದು ಯುಕ್ತವಾಗಿದೆ.

ಮೊದಲು ಪೂರ್ವಪಕ್ಷ. ಯಂತ್ರವಾದಿಗಳು ಮುಖ್ಯವಾಗಿ ಮೂರು ಕಾರಣಗಳನ್ನು ಹೇಳುವರು. ಮಾರ್ಗದರ್ಶಿಯು ಮನುಷ್ಯನಾದುದರಿಂದ ತಪ್ಪು ಹೇಳುವನು, ಕಟ್ಟುಕಥೆ ಸೇರಿಸುವನು. ಪಂಡಿತರು ಪರಿಶೋಧಿಸಿ ಧ್ವನಿಮುದ್ರಿಸಿದ ಮಾತಿನಲ್ಲಿ ಆ ದೋಷವಿಲ್ಲ, ಎಂಬುದು ಒಂದು. ಒಬ್ಬ ಮಾರ್ಗದರ್ಶಿಯು ಎರಡು ಮೂರು ಭಾಷೆಗಳನ್ನು ಬಲ್ಲನು. ಯಂತ್ರವು ಇಪ್ಪತ್ತು ಭಾಷೆಗಳನ್ನಾಡಬಲ್ಲುದು, ಎಂಬುದು ಎರಡು. ಯಂತ್ರವಿದ್ದರೆ ನೋಡುವವನು ತನಗೆ ಬಿಡುವಾದಾಗ ಬಂದು, ಗುಂಪಿನ ಹಂಗಿಲ್ಲದೆ, ಬೇಕಾದಷ್ಟು ಹೊತ್ತು ನೋಡಬಹುದು, ಎಂಬುದು ಮೂರು. ಈ ಮೂರರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಒಂಟಿಯಾಗಿ ಬಂದ ಪರದೇಶದವನಿಗೂ, ಕಣ್ಣಿನ ಭಾಗ್ಯವಿಲ್ಲದವನಿಗೂ ಇಂಥ ಯಂತ್ರದಿಂದ ಆಗುವ ಉಪಕಾರವನ್ನು ಅಲ್ಲಗಳೆಯಲಾಗದು. ವಿವಾದವಿರುವುದು ಯಂತ್ರವು ಇರಬೇಕೆ ಬೇಡವೆ ಎಂಬುದರಲ್ಲಿ ಅಲ್ಲ. ಯಂತ್ರವೊಂದೇ ಸಾಕೆ ಎಂಬುದರಲ್ಲಿ.

ಮೊದಲನೆಯ ಕಾರಣವನ್ನು ನೋಡೋಣ. ಮನುಷ್ಯನು ತಪ್ಪುವನೆಂಬುದು ನಿಜ. ಆದರೆ ತಪ್ಪಿದವನನ್ನು ತಿದ್ದಬಹುದೆಂಬುದೂ ಅಷ್ಟೇ ನಿಜ. ಧ್ವನಿಲೇಖನದಲ್ಲಿ ಒಂದು ತಪ್ಪು ನುಸುಳಿದರೆ ಅದು ಸಾವಿರ ಕಿವಿಗಳಲ್ಲಿ ಸಾವಿರ ಸಲ ಹಾಗೆಯೇ ಬೀಳುವುದು. ಹಾಗಲ್ಲವೆಂದು ಎದ್ದುನಿಂತು ಕೇಳುವುದಕ್ಕೆ ಎದುರಿಗೆ ಯಾರೂ ಇರುವುದಿಲ್ಲ. ನಮ್ಮ ದೇಶದಲ್ಲಿ ವಿದ್ಯೆಯು ಕಿವಿಯಿಂದಲೇ ಬಂದುದಾದರೂ, ಕೇಳಿದೊಡನೆ ಕಲಿತಂತಾಯಿತೆಂದು ಹಿರಿಯರು ಎಂದೂ ಹೇಳಲಿಲ್ಲ. ಶ್ರವಣದ ಅನಂತರ ಮನನ, ಮನನದ ಅನಂತರ ನಿದಿಧ್ಯಾಸನ. ಮನನಕ್ಕೆ ಸಂಶಯವೇ ಮೊದಲ ಮೆಟ್ಟಿಲು. ಸಂಶಯಕ್ಕೆ ಉತ್ತರ ಹೇಳುವವನೇ ಗುರು. ಪ್ರಶ್ನೆಯನ್ನು ಕೇಳಿಸಿಕೊಳ್ಳದ ಬಾಯಿ ಎಷ್ಟು ಶುದ್ಧವಾಗಿ ನುಡಿದರೇನು? ಅದು ಗಿಳಿಪಾಠವಾದೀತೇ ಹೊರತು ಉಪದೇಶವಾಗಲಾರದು.

ನಿಲ್ದಾಣದಲ್ಲಿ ಪ್ರಶ್ನೆಗಳು ಹುಟ್ಟುವುದಕ್ಕೆ ಕೊರತೆಯುಂಟೆ? ಬಾಗಿಲ ಕಂಬಗಳ ಮೇಲೆ ಒಂದು ಕಡೆ ಸಿಂಹವೂ ಇನ್ನೊಂದು ಕಡೆ ಹುಲಿಯೂ ಕುಳಿತಿವೆ. ಸಿಂಹವು ಬ್ರಿಟನ್ನಿಗೂ ಹುಲಿಯು ಭಾರತಕ್ಕೂ ಸಂಕೇತವೆಂದು ಯಂತ್ರವು ಹೇಳಿ ಮುಗಿಸುವುದು. ಆಳುವವರ ಮೃಗವೂ ಆಳಿಸಿಕೊಂಡವರ ಮೃಗವೂ ಸರಿಸಮವಾಗಿ ಹೇಗೆ ಕುಳಿತುವೆಂದು ಹುಡುಗನೊಬ್ಬನು ಕೇಳಿದರೆ? ಗುಮ್ಮಟದ ತುದಿಯಲ್ಲಿ ಬಲಗೈಯಲ್ಲಿ ಪಂಜನ್ನೂ ಎಡಗೈಯಲ್ಲಿ ಚಕ್ರವನ್ನೂ ಹಿಡಿದು ನಿಂತಿರುವ ಸ್ತ್ರೀವಿಗ್ರಹವು ಪ್ರಗತಿಯ ಪ್ರತಿಮೆಯೆನ್ನುವರು. ಯಾರ ಪ್ರಗತಿ, ಯಾರ ಬೆವರಿನಿಂದಾದ ಪ್ರಗತಿ ಎಂದು ಅವನು ಮತ್ತೆ ಕೇಳಿದರೆ? ಬಲ್ಲ ಮಾರ್ಗದರ್ಶಿಯು ಅಲ್ಲಿಯೇ ನಿಂತು ಅರ್ಧ ಗಂಟೆ ಮಾತನಾಡಿಯಾನು. ಯಂತ್ರವಾದರೋ ಮುಂದಿನ ಅಂಕೆಯನ್ನು ಒತ್ತಲು ಹೇಳೀತು.

ಈ ಕಟ್ಟಡದ ಕಥೆಯು ಸಾಮಾನ್ಯವಾಗಿ ಹೇಗೆ ಹೇಳಲ್ಪಡುವುದೆಂಬುದನ್ನು ವಾಚಕರು ಬಲ್ಲರು. 1878ರಲ್ಲಿ ಕೆಲಸ ಮೊದಲಾಯಿತು, ಹತ್ತು ವರ್ಷ ಹಿಡಿಯಿತು, ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷವಾದ 1887ರಲ್ಲಿ ಅವಳ ಹೆಸರನ್ನು ಇಡಲಾಯಿತು, ಶಿಲ್ಪಿ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್, ಶೈಲಿ ಗಾಥಿಕ್, 1996ರಲ್ಲಿ ಹೆಸರು ಬದಲಾಯಿತು, 2004ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಎಲ್ಲವೂ ಸತ್ಯವೇ. ಆದರೆ ಸ್ಟೀವನ್ಸನ ಹೆಸರು ನೂರು ಸಲ ಕೇಳಿಬರುವ ಕಡೆ, ಅವನ ಕೈಕೆಳಗೆ ಸಹಾಯಕ ಎಂಜಿನಿಯರಾಗಿ ದುಡಿದ ಸೀತಾರಾಮ ಖಂಡೇರಾವ್ ವೈದ್ಯರ ಹೆಸರು ಎಷ್ಟು ಸಲ ಕೇಳಿಬರುವುದು? ಕಂಬದ ಬೋದಿಗೆಗಳಲ್ಲಿ ಎಲೆ ಹೂ ಹಕ್ಕಿಗಳನ್ನು ಕಡೆದ ಮುಂಬಯಿಯ ಕಲಾಶಾಲೆಯ ವಿದ್ಯಾರ್ಥಿಗಳ ಮಾತೆಷ್ಟು ಬರುವುದು?

ಇದಕ್ಕಿಂತಲೂ ದೊಡ್ಡ ಮೌನವೊಂದುಂಟು. 1853ರ ಏಪ್ರಿಲ್ 16ರಂದು ಇದೇ ಎಡೆಯ ಬೋರಿಬಂದರಿನಿಂದ 14 ಗಾಡಿಗಳ ರೈಲೊಂದು ಸುಮಾರು 400 ಜನರನ್ನು ಕೂರಿಸಿಕೊಂಡು 21 ಮೈಲಿ ದೂರದ ಠಾಣೆಗೆ ಹೋದುದನ್ನು ಎಲ್ಲರೂ ಹೇಳುವರು. ಆ ಹಳಿಯು ದಕ್ಷಿಣದ ಕಡೆಗೆ ಹೋಗಬೇಕಾದರೆ ಸಹ್ಯಾದ್ರಿಯ ಭೋರ್ ಘಟ್ಟವನ್ನು ಹತ್ತಬೇಕಾಗಿತ್ತು. 1856ರಿಂದ 1863ರವರೆಗೆ ಅಲ್ಲಿ 25 ಸುರಂಗಗಳನ್ನು ಕೊರೆದರು. 37 ಅಡಿಗೆ ಒಂದು ಅಡಿಯಂತೆ ಏರುವ ದಾರಿಯನ್ನು ಕಡಿದರು. ಕೆಲಸವು ಭರದಿಂದ ಸಾಗಿದ್ದಾಗ 40,000ಕ್ಕೂ ಹೆಚ್ಚು ಕೂಲಿಗಳು ಅಲ್ಲಿದ್ದರು. ಕಾಲರಾ, ಜ್ವರ, ಸಿಡಿಮದ್ದು, ಬಂಡೆಗಳಿಗೆ ಸಾವಿರಗಟ್ಟಲೆ ಮಂದಿ ಬಲಿಯಾದರು. 1859ರಲ್ಲಿ ಬಂದ ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಬಂದ ಸ್ವಲ್ಪ ಕಾಲದಲ್ಲಿಯೇ ಮಡಿಯಲು, ಅವನ ಪತ್ನಿ ಆಲಿಸ್ ಆ ಗುತ್ತಿಗೆಯನ್ನು ತಾನೇ ವಹಿಸಿಕೊಂಡಳು. ಆ ದಂಪತಿಗಳ ಹೆಸರಾದರೂ ಉಳಿಯಿತು. ಕಲ್ಲು ಹೊತ್ತವರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಗುಮ್ಮಟವನ್ನು ಹೊತ್ತಿರುವುದು ಕೆಳಗಿನ ಕಲ್ಲುಗಳೆಂದು ತೋರಿಸುವವನು, ಆ ಗುಮ್ಮಟವನ್ನು ಕಟ್ಟಿಸಿದ ಕಂಪನಿಯ ಸಂಪತ್ತನ್ನು ಹೊತ್ತವರು ಈ ಕೂಲಿಗಳೆಂದು ಏಕೆ ಹೇಳಬಾರದು?

ಎರಡನೆಯ ಕಾರಣವು ಭಾಷೆಯದು. ಕನ್ನಡಿಗನಿಗೆ ಇದು ಪರರ ಮಾತಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯು 1871ರಲ್ಲಿ ರಾಯಚೂರಿಗೆ ಬಂದು ಮದರಾಸಿನ ಹಳಿಯನ್ನು ಕೂಡಿಕೊಂಡಿತು. ಅಂದಿನಿಂದ ರಾಯಚೂರು ಕಲಬುರಗಿಗಳ ಕಡೆಯಿಂದ ಕೂಲಿಗೆ, ವ್ಯಾಪಾರಕ್ಕೆ, ಓದಿಗೆಂದು ಮುಂಬಯಿಗೆ ಹೊರಟವರೆಲ್ಲರೂ ಆ ಭೋರ್ ಘಟ್ಟವನ್ನು ಇಳಿದೇ ಹೋದರು, ಇಂದಿಗೂ ಹೋಗುತ್ತಿರುವರು. ಇಂಥವನಿಗೆ ತನ್ನ ನುಡಿಯಲ್ಲಿ ನಿಲ್ದಾಣದ ಕಥೆ ಕೇಳಿಸಬೇಕೆಂಬುದು ನ್ಯಾಯವೇ. ಯಂತ್ರದಲ್ಲಿ ಕನ್ನಡವನ್ನು ತುಂಬಿದರೆ ಆಯಿತಲ್ಲವೆ ಎಂದರೆ, ಆಗಲಿ, ತುಂಬಲಿ. ಆದರೆ ಇಂಗ್ಲಿಷಿನಲ್ಲಿ ಬರೆದ ಪಾಠವನ್ನೇ ಇಪ್ಪತ್ತು ಭಾಷೆಗಳಿಗೆ ತಿರುಗಿಸಿದ ಮಾತ್ರಕ್ಕೆ ಅದು ಇಪ್ಪತ್ತು ಜನಾಂಗಗಳ ಕಥೆಯಾಗದು. ಕಲಬುರಗಿಯವನು ತಿಳಿಯಬೇಕೆನ್ನುವುದೇ ಬೇರೆ, ಲಂಡನ್ನಿನವನು ತಿಳಿಯಬೇಕೆನ್ನುವುದೇ ಬೇರೆ. ಎದುರಿಗೆ ನಿಂತವನ ಮುಖವನ್ನು ನೋಡಿ ಮಾತನ್ನು ಮಾರ್ಪಡಿಸಿಕೊಳ್ಳುವುದು ಮನುಷ್ಯನಿಗೆ ಮಾತ್ರ ಸಾಧ್ಯ.

ಮೂರನೆಯ ಕಾರಣವಾದ ಏಕಾಂತವೇ ಎಲ್ಲಕ್ಕಿಂತ ವಿಚಿತ್ರವಾದುದು. ರೈಲ್ವೆ ನಿಲ್ದಾಣಕ್ಕೆ ಏಕಾಂತವನ್ನು ಹುಡುಕಿಕೊಂಡು ಹೋಗುವುದು ಜಾತ್ರೆಗೆ ಜಪಮಾಡಲು ಹೋದಂತೆ. 18 ಪ್ಲಾಟ್‌ಫಾರಂಗಳಲ್ಲಿ ಲಕ್ಷಗಟ್ಟಲೆ ಜನರು ದಿನವೂ ಇಳಿದು ಹತ್ತುವ ಸ್ಥಳವದು. ಘೋಷಣೆಯ ದನಿ, ಕೂಲಿಯವನ ಕೂಗು, ಕಚೇರಿಗೆ ಓಡುವವರ ಹೆಜ್ಜೆಯ ಸದ್ದು, ಹಳಿಯ ಮೇಲೆ ಗಾಡಿ ನಿಲ್ಲುವಾಗಿನ ಕಿರುಚು, ಇವೆಲ್ಲವೂ ಆ ಕಟ್ಟಡದ ಅಂಗಗಳೇ. ಕಿವಿಯನ್ನು ಮುಚ್ಚಿಕೊಂಡು ಕಮಾನುಗಳನ್ನು ದಿಟ್ಟಿಸುವವನಿಗೆ ಎದುರಿಗೆ ಬರುವ ಪ್ರಯಾಣಿಕನು ಅಡ್ಡಿಯಾಗಿ ಕಾಣುವನು; ನಿಲ್ದಾಣವು ಯಾರಿಗಾಗಿ ಇದೆಯೋ ಅವನೇ ನೋಟಕ್ಕೆ ತೊಡಕಾಗುವನು.

ಆ ಧ್ವನಿಯ ಬೆಲೆಯೇನೆಂಬುದನ್ನು 2008ರ ನವೆಂಬರ್ 26ರ ರಾತ್ರಿಯು ತೋರಿಸಿಕೊಟ್ಟಿತು. ಇಬ್ಬರು ಬಂದೂಕುಧಾರಿಗಳು ದೂರದೂರಿನ ಗಾಡಿಗಳಿಗಾಗಿ ಕಾದಿದ್ದ ಜನರ ಮೇಲೆ ಗುಂಡು ಹಾರಿಸಿದರು. 50ಕ್ಕೂ ಹೆಚ್ಚು ಜನರು ಆ ನಿಲ್ದಾಣದಲ್ಲಿ ಸತ್ತರು. ಆಗ ಘೋಷಣೆಯ ಕೋಣೆಯಲ್ಲಿದ್ದ ನೌಕರನೊಬ್ಬನು ಓಡಿಹೋಗದೆ, ಆ ಕಡೆಗೆ ಬರಬೇಡಿರೆಂದೂ ಬೇರೆ ಬಾಗಿಲಿನಿಂದ ಹೊರಗೆ ಹೋಗಿರೆಂದೂ ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೂಗಿ ಹೇಳಿದನು. ಅಂದು ಜನರನ್ನು ಉಳಿಸಿದುದು ಕಣ್ಣಾರೆ ಕಂಡು ಆ ಕ್ಷಣಕ್ಕೆ ತಕ್ಕ ಮಾತನ್ನಾಡಿದ ಮನುಷ್ಯನ ಧ್ವನಿಯೇ ಹೊರತು, ಮೊದಲೇ ತುಂಬಿಟ್ಟ ಮಾತಲ್ಲ. ಈ ನಿಲ್ದಾಣವನ್ನು ತೋರಿಸುವವರು ಮೊದಲು ಹೇಳಬೇಕಾದ ಕಥೆಗಳಲ್ಲಿ ಇದೊಂದು.

ಇಷ್ಟು ಹೇಳಿದುದರಿಂದ ಈಗಿನ ಮಾರ್ಗದರ್ಶಿಗಳೆಲ್ಲರೂ ನಿರ್ದುಷ್ಟರೆಂದು ಯಾರೂ ತಿಳಿಯಬೇಕಾಗಿಲ್ಲ. ಇಸವಿಗಳನ್ನು ಬಾಯಿಪಾಠಮಾಡಿ ಒಪ್ಪಿಸಿ, ಕಾಸಿಗೆ ಕೈಚಾಚುವ ಮಾರ್ಗದರ್ಶಿಯು ಕಾಲುಳ್ಳ ಯಂತ್ರವೇ ಆಗಿರುವನು. ಅವನಿಗಿಂತ ಕಾಲಿಲ್ಲದ ಯಂತ್ರವೇ ಮೇಲು, ಅದು ಕೈಯನ್ನಾದರೂ ಚಾಚುವುದಿಲ್ಲ. ಇದಕ್ಕೆ ಪರಿಹಾರವು ಮಾರ್ಗದರ್ಶಿಗೆ ಶಿಕ್ಷಣವನ್ನೂ ತಕ್ಕ ವೇತನವನ್ನೂ ಕೊಡುವುದೇ ಹೊರತು ಅವನನ್ನು ಓಡಿಸುವುದಲ್ಲ. ಅಧ್ಯಾಪಕನು ಅಲಸಿಯಾದನೆಂದು ಪಾಠಶಾಲೆಯನ್ನೇ ಮುಚ್ಚುವರೆ?

ಇದೇ ಬುದ್ಧಿಯು ಇನ್ನೊಂದು ಹೆಜ್ಜೆ ಮುಂದೆ ಹೋದುದೂ ಉಂಟು. 2018ರಲ್ಲಿ, ಈ ಕಟ್ಟಡದೊಳಗಿನ ರೈಲ್ವೆ ಕಚೇರಿಗಳನ್ನು ಬೇರೆಡೆಗೆ ಸಾಗಿಸಿ ಇಡಿಯ ಕಟ್ಟಡವನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಬೇಕೆಂಬ ಯೋಚನೆಯು ಹೊರಟಿತು. ನೌಕರರ ಸಂಘಗಳು ಅದನ್ನು ವಿರೋಧಿಸಿದುವು. ವಿರೋಧಿಸಿದುದು ಯುಕ್ತವೇ. ಯಾವ ಕೆಲಸಕ್ಕಾಗಿ ಕಟ್ಟಿದರೋ ಅದೇ ಕೆಲಸಕ್ಕೆ ಇಂದಿಗೂ ಸಲ್ಲುತ್ತಿರುವ ಪುರಾತನ ಕಟ್ಟಡಗಳು ಪ್ರಪಂಚದಲ್ಲಿ ವಿರಳ. ಜೀವವಿರುವ ದೇಹಕ್ಕೆ ಗಾಜಿನ ಪೆಟ್ಟಿಗೆ ಮಾಡಿಸುವುದು ಪೂಜೆಯೂ ಅಲ್ಲ, ರಕ್ಷಣೆಯೂ ಅಲ್ಲ.

ಆದುದರಿಂದ ರೈಲ್ವೆಯವರು ಮಾಡತಕ್ಕದ್ದಿಷ್ಟು. ಧ್ವನಿಯಂತ್ರವಿರಲಿ, ಅದರಲ್ಲಿ ಕನ್ನಡವೂ ಇರಲಿ. ಆದರೆ ಅದು ಮಾರ್ಗದರ್ಶಿಗೆ ಸೇವಕನಾಗಿರಲಿ, ಯಜಮಾನನಾಗದಿರಲಿ. ಮಾರ್ಗದರ್ಶಿಗಳನ್ನು ಆರಿಸುವಾಗ ಆ ನಿಲ್ದಾಣದಲ್ಲಿಯೇ ದುಡಿದು ನಿವೃತ್ತರಾದವರಿಗೆ ಮೊದಲ ಸ್ಥಾನವಿರಲಿ. ಗಾಡಿ ನಡೆಸಿದವನೂ, ಟಿಕೆಟು ಕೊಟ್ಟವನೂ, ಘೋಷಣೆ ಮಾಡಿದವನೂ ಬಲ್ಲ ವಿಷಯವು ಯಾವ ಧ್ವನಿಲೇಖನದಲ್ಲಿಯೂ ಸಿಕ್ಕದು. ಶಾಲೆಯ ಮಕ್ಕಳಿಗೆ ಶುಲ್ಕವಿಲ್ಲದೆ ತೋರಿಸಲಿ. ಭೋರ್ ಘಟ್ಟದಲ್ಲಿ ಮಡಿದ ಕೂಲಿಗಳ ಮಾತಿನಿಂದಲೇ ಪಾಠವು ಮೊದಲಾಗಲಿ. ಸಿಂಹಕ್ಕೂ ಹುಲಿಗೂ ಅರ್ಥ ಹೇಳುವುದು ಸುಲಭ. ಅವುಗಳ ನಡುವಣ ಬಾಗಿಲಿನಲ್ಲಿ ದಿನವೂ ಹಾದುಹೋಗುವ ಮನುಷ್ಯನಿಗೆ ಅರ್ಥ ಹೇಳಬಲ್ಲವನೇ ನಿಜವಾದ ಮಾರ್ಗದರ್ಶಿ.