ಐದು ರೂಪಾಯಿಯ ಚರಿತ್ರೆ

ರಜೆ ಬಂತೆಂದರೆ ಪರಿಚಯದವರಲ್ಲಿ ಒಬ್ಬರಾದರೂ ಕೇಳುತ್ತಾರೆ: ‘ಒಳ್ಳೆಯ ಐತಿಹಾಸಿಕ ಧಾರಾವಾಹಿ ಇದ್ದರೆ ಹೇಳಿ ಸಾರ್, ಮನೆಯವರೆಲ್ಲ ಕೂತು ನೋಡೋಣ.’ ಅವರ ಮನಸ್ಸಿನಲ್ಲಿರುವುದು ಕಿರೀಟ, ಖಡ್ಗ, ಕುದುರೆ. ನಾನು ಪ್ರತಿ ಸಲವೂ ಹೇಳುವುದು ‘ತಮಸ್’. ಅದರಲ್ಲಿ ಒಬ್ಬ ರಾಜನೂ ಇಲ್ಲ.

ಗೋವಿಂದ ನಿಹಲಾನಿ ನಿರ್ದೇಶನದ ಈ ಹಿಂದಿ ಧಾರಾವಾಹಿ ದೂರದರ್ಶನದಲ್ಲಿ ಬಂದದ್ದು 1988ರಲ್ಲಿ. ಭೀಷ್ಮ ಸಾಹನಿಯವರ ಕಾದಂಬರಿ ಅದಕ್ಕೆ ಆಧಾರ. ದೇಶವಿಭಜನೆಯ ಹೊಸ್ತಿಲಲ್ಲಿ ನಿಂತ ಪಂಜಾಬಿನ ಕಥೆ. ಕಥೆ ಶುರುವಾಗುವುದು ರಾತ್ರಿ, ಒಂದು ಗುಡಿಸಲಿನೊಳಗೆ. ಚರ್ಮದ ಕೆಲಸ ಮಾಡುವ ನತ್ಥೂ ಹಂದಿಯೊಂದನ್ನು ಕೊಲ್ಲಲು ಒದ್ದಾಡುತ್ತಿದ್ದಾನೆ. ಪಶುವೈದ್ಯರಿಗೆ ಬೇಕೆಂದು ಹೇಳಿ ಊರಿನ ಪ್ರಭಾವಿಯೊಬ್ಬ ಅವನ ಕೈಗೆ ಐದು ರೂಪಾಯಿ ಇಟ್ಟಿದ್ದಾನೆ. ಹಂದಿ ಸುಲಭಕ್ಕೆ ಸಾಯುವುದಿಲ್ಲ. ನತ್ಥೂ ಆಗಿ ನಟಿಸಿದ ಓಂ ಪುರಿಯವರ ಬೆವರು, ಏದುಸಿರು ನಮ್ಮನ್ನೂ ಆ ಗುಡಿಸಲಿನಲ್ಲಿ ಕೂಡಿಹಾಕುತ್ತವೆ. ಬೆಳಗಾದರೆ ಸತ್ತ ಹಂದಿ ಮಸೀದಿಯ ಮೆಟ್ಟಿಲ ಮೇಲೆ. ಊರು ಹೊತ್ತಿಕೊಳ್ಳುತ್ತದೆ. ಬೆಂಕಿ ಹಚ್ಚಿಸಿದವನಿಗೆ ಏನೂ ಆಗುವುದಿಲ್ಲ. ನತ್ಥೂವಿಗೆ ಮಾತ್ರ ನಿದ್ದೆಯಿಲ್ಲ.

ಇದನ್ನು ತೋರಿಸಿದರೆ ಗಲಭೆಯಾದೀತು ಎಂದು ಪ್ರಸಾರ ತಡೆಯಲು ಕೋರ್ಟಿಗೆ ಹೋದವರಿದ್ದರು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ತಾವೇ ಕೂತು ನೋಡಿದರು, ತಡೆ ಕೊಡಲಿಲ್ಲ. ಸುಪ್ರೀಂ ಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಗಾಯವನ್ನು ಮುಚ್ಚಿಟ್ಟರೆ ಮಾಯುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ನಿಹಲಾನಿ ಕರಾಚಿಯಲ್ಲಿ ಹುಟ್ಟಿ, ವಿಭಜನೆಯ ವರ್ಷ ಹೆತ್ತವರೊಂದಿಗೆ ಈಚೆ ಬಂದ ಹುಡುಗ. ಛಾಯಾಗ್ರಹಣ ಕಲಿತದ್ದು ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಕನ್ನಡದ ‘ಕಾಡು’ ಚಿತ್ರದ ಕ್ಯಾಮೆರಾ ಅವರದೇ. ಆ ಕ್ಯಾಮೆರಾ ಅಬ್ಬರಿಸುವುದಿಲ್ಲ, ಮನುಷ್ಯರ ಮುಖದ ಹತ್ತಿರ ಹೋಗಿ ನಿಲ್ಲುತ್ತದೆ.

ಐತಿಹಾಸಿಕ ಧಾರಾವಾಹಿಯನ್ನು ನಾನು ಅಳೆಯುವುದು ಹೀಗೆ: ಮೇಲಿನವರ ತೀರ್ಮಾನ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ಅದು ತೋರಿಸುತ್ತದೆಯೇ? ಇತ್ತೀಚಿನದೇ ಬೇಕೆನ್ನುವವರು 2019ರ ‘ಚೆರ್ನೋಬಿಲ್’ ನೋಡಲಿ. ಐದೇ ಕಂತು. ಸ್ಫೋಟಗೊಂಡ ಅಣುಸ್ಥಾವರದ ಬೆಂಕಿ ಆರಿಸಲು ಬಂದವನೊಬ್ಬ ನೆಲದ ಮೇಲಿನ ಕರಿಯ ತುಂಡನ್ನು ಏನೆಂದು ತಿಳಿಯದೆ ಕೈಗೆತ್ತಿಕೊಳ್ಳುತ್ತಾನೆ. ಅಧಿಕಾರಿಗಳು ಹೇಳಿದ ಸುಳ್ಳಿನ ಬೆಲೆ ಅವನ ಅಂಗೈಯಲ್ಲಿದೆ.

ಮತ್ತೆ ‘ತಮಸ್’ಗೆ ಬರುತ್ತೇನೆ. ಊರು ಬಿಟ್ಟ ಮುದುಕ ಹರನಾಮ್ ಸಿಂಗ್ ಮತ್ತು ಹೆಂಡತಿ ಬಂತೋ ದಾರಿಯಲ್ಲಿ ಮುಸ್ಲಿಂ ಮನೆಯೊಂದರ ಬಾಗಿಲು ತಟ್ಟುತ್ತಾರೆ. ಮನೆಯೊಡತಿ ಒಳಗೆ ಕರೆದು ಬಚ್ಚಿಡುತ್ತಾಳೆ. ಅಷ್ಟರಲ್ಲಿ ಆ ಮನೆಯ ಗಂಡಸರು ಲೂಟಿ ಮಾಡಿದ ಟ್ರಂಕೊಂದನ್ನು ಹೊತ್ತು ತರುತ್ತಾರೆ. ಅದು ಈ ಮುದುಕರದೇ ಟ್ರಂಕು! ಹರನಾಮ್ ಸಿಂಗ್ ಆಗಿ ನಟಿಸಿದವರು ಸ್ವತಃ ಸಾಹನಿ, ರಾವಲ್ಪಿಂಡಿಯ ಗಲಭೆಯನ್ನು ಕಣ್ಣಾರೆ ಕಂಡವರು.

ಹೈಸ್ಕೂಲು ದಾಟಿದ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ಆಮೇಲೆ ಕಿರೀಟ, ಖಡ್ಗದ ಧಾರಾವಾಹಿಗಳನ್ನೂ ಧಾರಾಳವಾಗಿ ನೋಡಿ. ಕೋಟೆ ಗೆದ್ದ ಜಯಘೋಷದ ನಡುವೆ ನಿಮ್ಮ ಮಗಳು ಕೇಳಿಯಾಳು: ‘ಅಪ್ಪಾ, ಆ ಊರಿನವರೆಲ್ಲ ಎಲ್ಲಿಗೆ ಹೋದರು?’