ಮದುಮಗನ ಕೈಗಡಿಯಾರ

ಬೆಳ್ಳೂರಿನಲ್ಲಿ ಕಳೆದ ತಿಂಗಳು ಜುಮಾ ನಮಾಝಿನ ಬಳಿಕ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. "ಹಜ್ರತ್, ಗಂಡಸರಿಗೆ ಚಿನ್ನ ಹರಾಮ್ ಎಂದು ಬಯಾನಿನಲ್ಲಿ ನೀವೇ ಹೇಳಿದಿರಿ. ಅಳಿಯನಿಗೆ ಪ್ಲಾಟಿನಂ ವಾಚು ಕೊಡಬಹುದಲ್ಲವೇ? ಅವರ ಕಡೆಯವರು ಅದನ್ನೇ ಕೇಳಿದ್ದಾರೆ." ಮೊಬೈಲಿನಲ್ಲಿ ವಜ್ರದ ಹರಳು ಸುತ್ತುಗಟ್ಟಿದ ಬಿಳಿ ಗಡಿಯಾರದ ಚಿತ್ರವಿತ್ತು. ಹರಾಜಿನಿಂದ ಬಂದ ಹಳೆಯ ಮಾಲು, ಇಟ್ಟಷ್ಟೂ ಬೆಲೆ ಏರುತ್ತದೆ ಎಂದು ದುಬೈಯಲ್ಲಿರುವ ವರನ ಅಣ್ಣ ಬರೆದಿದ್ದನಂತೆ. ಅದಕ್ಕಾಗಿ ತೆಂಗಿನ ತೋಟದ ಒಂದು ಭಾಗವನ್ನು ಮಾರಲು ಈ ಹಿರಿಯರು ಸಿದ್ಧರಾಗಿದ್ದರು.

ಮೊದಲು ಲೋಹದ ಮಾತು. ಪುರುಷರಿಗೆ ನಿಷಿದ್ಧವಾಗಿರುವುದು ಚಿನ್ನ. ಪ್ಲಾಟಿನಂ ಬೇರೆಯೇ ಲೋಹ. ಅದಕ್ಕೂ ವಜ್ರಕ್ಕೂ ಆ ನಿಷೇಧ ಅನ್ವಯಿಸದೆಂದು ಬಹುತೇಕ ವಿದ್ವಾಂಸರು ಹೇಳಿದ್ದಾರೆ. ಆದರೆ 'ವೈಟ್ ಗೋಲ್ಡ್' ಎಂಬುದು ಪ್ಲಾಟಿನಂ ಅಲ್ಲ. ಪಲ್ಲಾಡಿಯಂ ಅಥವಾ ನಿಕ್ಕಲ್ ಬೆರೆಸಿ ಬೆಳ್ಳಗೆ ಮಾಡಿದ ಚಿನ್ನವೇ ಅದು. 18 ಕ್ಯಾರೆಟ್ಟಿನದಾದರೆ ನೂರರಲ್ಲಿ 75 ಭಾಗ ಚಿನ್ನ, ಮುದ್ರೆ 750. ಪ್ಲಾಟಿನಂ ಗಡಿಯಾರಕ್ಕೆ ಸಾಮಾನ್ಯವಾಗಿ 950 ಎಂಬ ಮುದ್ರೆ. ಬಣ್ಣ ನೋಡಿ ಮೋಸಹೋಗಬಾರದು.

ಇನ್ನು ಹರಾಜು. ಅದು ತನ್ನಷ್ಟಕ್ಕೆ ತಪ್ಪಲ್ಲ. ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಕಂಬಳಿ ಮತ್ತು ಬಟ್ಟಲನ್ನು ಪ್ರವಾದಿ(ಸ)ರು ತಾವೇ ಸವಾಲು ಕೂಗಿ ಎರಡು ದಿರ್ಹಮಿಗೆ ಮಾರಿದ ಪ್ರಸಂಗವನ್ನು ಅನಸ್(ರ) ವರದಿ ಮಾಡಿದ್ದಾರೆ. ಒಂದು ದಿರ್ಹಮಿನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಹಿಡಿಯನ್ನು ಪ್ರವಾದಿ(ಸ)ರೇ ಕೂರಿಸಿದರು. ಹದಿನೈದು ದಿನ ಸೌದೆ ಕಡಿದು ಮಾರಿದ ಆ ವ್ಯಕ್ತಿ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು.

ಜಿನೀವಾದ ಹರಾಜಿನ ಕಥೆಯೇ ಬೇರೆ. 2012ರಲ್ಲಿ ಗಾಯಕ ಎರಿಕ್ ಕ್ಲ್ಯಾಪ್ಟನ್‌ರ ಬಳಿಯಿದ್ದ ಪಟೇಕ್ ಫಿಲಿಪ್ ಪ್ಲಾಟಿನಂ ಗಡಿಯಾರ ಕ್ರಿಸ್ಟೀಸ್ ಸಂಸ್ಥೆಯ ಹರಾಜಿನಲ್ಲಿ ಸುಮಾರು 34 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಆ ಮಾದರಿಯಲ್ಲಿ ಪ್ಲಾಟಿನಂನವು ಎರಡೇ ಇವೆ ಎಂಬುದೇ ಅದರ ಬೆಲೆ. ಇಂಥ ಹರಾಜುಗಳಲ್ಲಿ ಮಾರುವವನು ಗುಟ್ಟಾಗಿ ನಿಗದಿಪಡಿಸಿದ ಕನಿಷ್ಠ ದರ ಮುಟ್ಟುವವರೆಗೆ ಅವನ ಪರವಾಗಿ ಹರಾಜುಗಾರನೇ ಸವಾಲು ಏರಿಸಬಹುದು. ಮಾರಾಟದ ಷರತ್ತುಗಳಲ್ಲೇ ಇದು ಬರೆದಿರುತ್ತದೆ. ಕೊಳ್ಳುವ ಉದ್ದೇಶವಿಲ್ಲದೆ ದರ ಏರಿಸುವ 'ನಜ್ಶ್' ಅನ್ನು ಪ್ರವಾದಿ(ಸ)ರು ತಡೆದಿದ್ದಾರೆ. ಎರಡರ ನಡುವಿನ ಅಂತರ ನಮಗಂತೂ ಕಾಣುವುದಿಲ್ಲ.

ಝಕಾತ್‌ನ ವಿಷಯವನ್ನಂತೂ ಸಂಗ್ರಾಹಕರು ಮರೆತೇಬಿಡುತ್ತಾರೆ. ಕೈಗೆ ಕಟ್ಟಿಕೊಳ್ಳುವ ಪ್ಲಾಟಿನಂ ಗಡಿಯಾರಕ್ಕೆ ಝಕಾತ್ ಇಲ್ಲವೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ದರ ಏರಿದಾಗ ಮಾರಲೆಂದೇ ಕೊಂಡು ಲಾಕರಿನಲ್ಲಿಟ್ಟರೆ ಅದು ವ್ಯಾಪಾರದ ಸರಕು. ಕೊಂಡದ್ದು 40 ಲಕ್ಷಕ್ಕಾದರೂ ಇಂದಿನ ಬೆಲೆ 60 ಲಕ್ಷವಾಗಿದ್ದರೆ ವರ್ಷಕ್ಕೆ 1.5 ಲಕ್ಷ ಬಡವರ ಹಕ್ಕು. ಸಂಪತ್ತನ್ನು ಕೂಡಿಟ್ಟು ಎಣಿಸುವವನ ಕುರಿತು ಸೂರಃ ಅಲ್‌ಹುಮಝಃ ಏನನ್ನುತ್ತದೆಂದು ನಮ್ಮ ಮದ್ರಸದ ಮಕ್ಕಳಿಗೂ ಬಾಯಿಪಾಠ.

ನಮ್ಮ ನಾಡು ಇದನ್ನು ಕಾಣದ್ದೇನಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಂಪುಟವು ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿತು. ಅದರ ಬೆನ್ನಿಗೇ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವಜ್ರಖಚಿತ ಹ್ಯೂಬ್ಲೋ ಗಡಿಯಾರದ ವಿವಾದ ಎದ್ದಿತು. ಸ್ನೇಹಿತರ ಉಡುಗೊರೆ ಎಂದ ಅವರು ಕೊನೆಗೆ ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. 1961ರಿಂದ ಬೆಂಗಳೂರಿನಲ್ಲಿ ತಯಾರಾದ ಎಚ್‌ಎಂಟಿಯೇ ನಮ್ಮ ತಂದೆಯವರ ಕಾಲದ ಮದುಮಗನ ಉಡುಗೊರೆ. ಕೀಲಿ ಕೊಟ್ಟರೆ ನಡೆಯುತ್ತಿತ್ತು, ಫಜ್ರ್‌ನ ಹೊತ್ತನ್ನೂ ಸರಿಯಾಗಿಯೇ ತೋರಿಸುತ್ತಿತ್ತು.

ಲೋಹ ಹಲಾಲ್ ಎಂದ ಮಾತ್ರಕ್ಕೆ ಹೆಣ್ಣಿನ ತಂದೆಯಿಂದ ಅದನ್ನು ಕೇಳಿ ಪಡೆಯುವುದು ಹಲಾಲ್ ಆಗದು. ಮಹ್ರ್ ಕೊಡಬೇಕಾದವನು ವರ. ತೋಟ ಮಾರಬೇಕಾದವರು ಅವಳ ತಂದೆಯಲ್ಲ. ಹಿರಿಯರಿಗೆ ಇಷ್ಟನ್ನೂ ಹೇಳಿದೆವು. ಮರುವಾರ ಅವರು ಗಡಿಯಾರದ ಹಿಂಬದಿಯ ಚಿತ್ರ ತರಿಸಿದರು. ಮುದ್ರೆ 750. "ಬೇಡ ಎನ್ನಲು ಒಂದು ಕಾರಣ ಸಿಕ್ಕಿತು, ಹಜ್ರತ್" ಎಂದರು. 950 ಇದ್ದಿದ್ದರೂ ಬೇಡವೆನ್ನಬೇಕಿತ್ತು ಎಂದೆವು. ತೋಟದ ಮಾತುಕತೆ ಸದ್ಯಕ್ಕೆ ನಿಂತಿದೆ. ವರನ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.